ಚೆನ್ನೆಮಣೆಗೆ ಹೊಸ ರೂಲ್ಸ್ ಬರೆಯುವ ಮುಂಚೆ ಅಜ್ಜಿಯರನ್ನು ಕೇಳಿದಿರಾ?

ಆಸಾಡಿ ಬಂತೆಂದರೆ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಈಗ ಎರಡು ಸಂಗತಿ ಖಾತ್ರಿ. ಹೆದ್ದಾರಿ ಬದಿಯಲ್ಲಿ ನೀರು ನಿಲ್ಲುವುದು ಒಂದು. ಯಾವುದಾದರೊಂದು ಸಭಾಭವನದಲ್ಲಿ ಫ್ಲೆಕ್ಸ್ ಕಟ್ಟಿ ಚೆನ್ನೆಮಣೆ ಸ್ಪರ್ಧೆ ಇಡುವುದು ಇನ್ನೊಂದು. ನೀರು ನಿಲ್ಲುವುದರ ಬಗ್ಗೆ ನಾವು ಪ್ರತಿ ವರ್ಷ ಬರೆಯುತ್ತೇವೆ, ಓದಿ ಓದಿ ನಿಮಗೂ ಸಾಕಾಗಿರಬಹುದು. ಈ ಸಲ ಎರಡನೆಯದರ ಬಗ್ಗೆ ಬರೆಯುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ, ನಾವು ಚೆನ್ನೆಮಣೆ ಹುಚ್ಚಿನವರು. ಕುಂಭಾಶಿಯಲ್ಲಿ ಅಮ್ಮಮ್ಮನ ಜಗಲಿಯಲ್ಲಿ ಕೂತು ಕಲಿತವರು. ಹಾಗಾಗಿ ಇದು ನಿಷ್ಪಕ್ಷಪಾತ ವರದಿ ಅಲ್ಲ. ಒಬ್ಬ ಅಭಿಮಾನಿಯ ತಕರಾರು ಎಂದೇ ಓದಿ.

ತಕರಾರು ಇಷ್ಟೆ. ಯಾರೋ ನಮ್ಮ ಆಟವನ್ನು ಫೋನಿನ ಹಾಗೆ ರೀಸ್ಟಾರ್ಟ್ ಮಾಡಿದ್ದಾರೆ. ಆನ್ ಆಗಿ ಬಂದಿದ್ದು ಬೇರೆಯೇ ಆಟ. ಹೆಸರು ಮಾತ್ರ ಹಳೆಯದು.

ಹೋದ ವರ್ಷದ ಆಸಾಡಿಯಲ್ಲಿ ಇಂಥದೊಂದು ಸ್ಪರ್ಧೆಗೆ ವರದಿಗೆಂದು ಹೋಗಿದ್ದೆವು. ಎಲ್ಲಿ, ಯಾರದು ಎಂಬುದು ಬೇಡ. ಮಾಡಿದವರು ಒಳ್ಳೆ ಮನಸ್ಸಿನಿಂದಲೇ ಮಾಡಿದ್ದರು, ಬಂದವರಿಗೆಲ್ಲ ಪತ್ರೊಡೆಯನ್ನೂ ಕೊಟ್ಟಿದ್ದರು. ಎಪ್ಪತ್ತು ದಾಟಿದ ಒಬ್ಬರು ಅಮ್ಮ ಮಣೆಯ ಮುಂದೆ ಕೂತು ಒಂದು ಗುಳಿಯ ಕಾಯಿ ಎತ್ತಿ ಹಂಚಿದರು. ಕೈಯಲ್ಲಿದ್ದದ್ದು ಮುಗಿಯಿತು. ಕೈ ತಾನಾಗಿಯೇ ಮುಂದಿನ ಗುಳಿಗೆ ಹೋಯಿತು. ಅಷ್ಟರಲ್ಲಿ ಬ್ಯಾಜ್ ಹಾಕಿಕೊಂಡ ಹುಡುಗ ಪೀಪಿ ಊದಿದ.

"ಅಮ್ಮ, ಒಂದ್ ಸಲ ಹಂಚಿದ್ ಮೇಲೆ ನಿಮ್ ಸರದಿ ಮುಗೀತ್. ರೂಲ್ಸ್ ಹಾಂಗೆ ಇತ್ತ್."

"ಯಾರ್ ಮಾಡದ್ ರೂಲ್ಸ್ ಮಗಾ?"

ಹುಡುಗ ಕೈಯಲ್ಲಿದ್ದ ಜೆರಾಕ್ಸ್ ಹಾಳೆ ತೋರಿಸಿದ. ಅವರು ಅದನ್ನು ಓದಲಿಲ್ಲ. ಎರಡು ಸಲ ಹಾಗೇ ಆದ ಮೇಲೆ, "ನಂಗೆ ಈ ಆಟ ಬತ್ತಿಲ್ಲೆ" ಎಂದು ಎದ್ದು ಹೋಗಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ಅರವತ್ತು ವರ್ಷ ಆಡಿದವರ ಬಾಯಲ್ಲಿ ಆಟ ಬರುವುದಿಲ್ಲ ಎಂಬ ಮಾತು! ಬಹುಮಾನ ಹಂಚುವಾಗ ಅವರನ್ನೇ ವೇದಿಕೆಗೆ ಕರೆದು ಶಾಲು ಹೊದಿಸಿ, "ನಮ್ಮ ಪರಂಪರೆಯ ಕೊಂಡಿ" ಎಂದು ಫೋಟೋ ತೆಗೆದರು. ಆ ಫೋಟೋ ನಾವೂ ತೆಗೆದೆವು, ಪೇಪರಿನಲ್ಲಿ ಬಂತು.

ಆ ಜೆರಾಕ್ಸ್ ಹಾಳೆ ಎಲ್ಲಿಂದ ಬಂತು ಎಂದು ಹುಡುಕುವುದು ಕಷ್ಟವಾಗಲಿಲ್ಲ. ಪ್ಲೇ ಸ್ಟೋರಿನಲ್ಲಿ "ಮಂಕಾಲಾ" ಎಂದು ಹುಡುಕಿ. ಬರುವ ಬಹುಪಾಲು ಆ್ಯಪ್‌ಗಳಲ್ಲಿ ಇರುವುದು ಒಂದೇ ಆಟ: ಒಂದೊಂದು ಬದಿಗೆ ಆರು ಗುಳಿ, ಎರಡು ತುದಿಯಲ್ಲಿ ಒಂದೊಂದು ಉದ್ದ ಗುಳಿ, ಒಮ್ಮೆ ಹಂಚಿದರೆ ಸರದಿ ಮುಗಿಯಿತು. ಕೊನೆಯ ಕಾಯಿ ನಿಮ್ಮ ಉದ್ದ ಗುಳಿಗೆ ಬಿದ್ದರೆ ಮಾತ್ರ ಇನ್ನೊಂದು ಸರದಿ. ಈ ಆಟದ ನಿಜವಾದ ಹೆಸರು ಕಲಾಹ್. ಅಮೆರಿಕದ ವಿಲಿಯಂ ಜೂಲಿಯಸ್ ಚಾಂಪಿಯನ್ ಎಂಬವರು 1940ರಲ್ಲಿ ಮಾಡಿ ಮುಂದೆ ಮಾರಾಟಕ್ಕಿಟ್ಟ ಆಟ ಅದು. ಅಂದರೆ ನಮ್ಮೂರಿನ ಅಮ್ಮನಿಗೆ ಪೀಪಿ ಊದಿ ಹೇಳಿದ್ದು ಅಮೆರಿಕದ ಒಂದು ಅಂಗಡಿ ಆಟದ ರೂಲ್ಸ್. ಅವರ ಆಟಕ್ಕಿಂತ ಎಷ್ಟೋ ಈಚಿನದು.

ಕಲಾಹ್ ಕೆಟ್ಟ ಆಟ ಎಂದು ನಾವು ಹೇಳುತ್ತಿಲ್ಲ. ಮಕ್ಕಳಿಗೆ ಬೇಗ ಅರ್ಥವಾಗುತ್ತದೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಗುಳಿಮಣೆ ಆಟಗಳಿಗೆ ಜಗತ್ತಿನ ತುಂಬ ನೆಂಟರಿದ್ದಾರೆ. ಘಾನಾದಲ್ಲಿ ಒವಾರೆ, ಪೂರ್ವ ಆಫ್ರಿಕಾದಲ್ಲಿ ಬಾವೊ, ಮಲೇಷ್ಯಾದಲ್ಲಿ ಚೊಂಗ್‌ಕಾಕ್, ಫಿಲಿಪ್ಪೀನ್ಸಿನಲ್ಲಿ ಸುಂಗ್ಕಾ, ತಮಿಳುನಾಡಿನಲ್ಲಿ ಪಲ್ಲಾಂಗುಳಿ, ನಮ್ಮ ಘಟ್ಟದ ಮೇಲೆ ಅಳಗುಳಿಮಣೆ. ಎಲ್ಲರೂ ಗುಳಿಯಿಂದ ಗುಳಿಗೆ ಕಾಯಿ ಬಿತ್ತುವವರೇ. ಆದರೆ ಬಿತ್ತುವ ಕ್ರಮ ಒಬ್ಬೊಬ್ಬರದು ಒಂದೊಂದು, ಆ ಕ್ರಮ ತೆಗೆದರೆ ಉಳಿಯುವುದು ತೂತು ಬಿದ್ದ ಹಲಗೆ.

ನಮ್ಮ ಕ್ರಮ ಗೊತ್ತಿಲ್ಲದ ಚಿಕ್ಕವರಿಗಾಗಿ ಸ್ವಲ್ಪ ವಿವರ. ಗೊತ್ತಿದ್ದವರು ಮುಂದೆ ಸರಿಯಬಹುದು. ಆದರೆ ಓದಿದರೆ ಖುಷಿಯಾಗುತ್ತದೆ.

ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಏಳು, ಒಟ್ಟು ಹದಿನಾಲ್ಕು ಗುಳಿ. ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಕೆಂಪು ಮಂಜೊಟ್ಟಿ ಬೀಜ ಇದ್ದರೆ ಚೆಂದ, ಇಲ್ಲದಿದ್ದರೆ ಹುಣಸೆ ಬೀಜ ಸಾಕು. ಕೆಲವು ಮಣೆಗಳ ತುದಿಯಲ್ಲಿ ದೊಡ್ಡ ಗುಳಿ ಇರುತ್ತದೆ. ಅದು ಗೆದ್ದ ಕಾಯಿ ಇಡಲು ಮಾತ್ರ, ಅದಕ್ಕೆ ಬಿತ್ತುವುದಿಲ್ಲ. ನಿಮ್ಮ ಬದಿಯ ಒಂದು ಗುಳಿಯಿಂದ ಅಷ್ಟೂ ಕಾಯಿ ಎತ್ತಿ ಒಂದೊಂದಾಗಿ ಮುಂದಿನ ಗುಳಿಗಳಿಗೆ ಹಾಕುತ್ತ ಹೋಗಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯನ್ನು ಎತ್ತಿ ಮತ್ತೆ ಹಂಚಬೇಕು. ಹೀಗೆ ಹೋಗುತ್ತ ಮುಂದಿನ ಗುಳಿ ಖಾಲಿ ಸಿಕ್ಕಿತೋ, ಆ ಖಾಲಿ ಗುಳಿಯನ್ನು ಬೆರಳಲ್ಲಿ ಒರೆಸಿ ಅದರಾಚೆಯ ಗುಳಿಯಲ್ಲಿರುವಷ್ಟೂ ನಿಮಗೆ. ಅದೂ ಖಾಲಿಯಾಗಿದ್ದರೆ ಬರಿಗೈ. ಸರದಿ ಎದುರಿನವರಿಗೆ.

ಈಗಲೇ ನೆಲದ ಮೇಲೆ ಹದಿನಾಲ್ಕು ಚೌಕ ಬರೆದು ನೋಡಿ. ಮೊದಲ ಗುಳಿಯ ನಾಲ್ಕು ಕಾಯಿ ಎತ್ತಿ. ಐದನೇ ಗುಳಿಗೆ ಮುಗಿಯುತ್ತದೆ, ಆರನೆಯದು ಎತ್ತಿ. ಹತ್ತಕ್ಕೆ ಮುಗಿಯುತ್ತದೆ, ಹನ್ನೊಂದನೆಯದು ಎತ್ತಿ. ಹಾಗೆ ಸುತ್ತು ಹಾಕಿ ಬರುತ್ತ ಏಳು ಸಲ ಎತ್ತಿ, ಇಪ್ಪತ್ತೆಂಟು ಕಾಯಿ ಬಿತ್ತಿ ಮುಗಿಯುವಾಗ ಎಂಟನೇ ಗುಳಿ ಖಾಲಿ ಸಿಗುತ್ತದೆ. ಒರೆಸಿ. ಒಂಬತ್ತನೇ ಗುಳಿಯಲ್ಲಿ ಆರು ಕಾಯಿ ನಿಮಗಾಗಿ ಕಾದಿರುತ್ತದೆ. ಇದು ಮೊದಲ ಕೈಯಲ್ಲಿ ಮಾತ್ರ ಇಷ್ಟು ಸಲೀಸು. ಎರಡನೆಯ ಕೈಯಿಂದ ಯಾವ ಗುಳಿ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ತಲೆಯಲ್ಲೇ ಓಡಿಸಬೇಕು. ನಮ್ಮ ಅಮ್ಮಮ್ಮನ ಎದುರು ಬೆರಳಿಟ್ಟು ಎಣಿಸಿದರೆ ಕೈಗೆ ಪೆಟ್ಟು ಬೀಳುತ್ತಿತ್ತು. ಕಣ್ಣಲ್ಲೇ ಎಣಿಸಬೇಕು. ಅವರು ಮಾತ್ರ ಬಾಯಲ್ಲಿ ಕವಳ ಹಾಕಿಕೊಂಡು, ಅಂಗಳದಲ್ಲಿ ಯಾರು ಹೋದರು ಎಂದು ನೋಡುತ್ತ, ಎಲ್ಲ ಎಣಿಸಿ ಮುಗಿಸಿರುತ್ತಿದ್ದರು.

ಹೊಸ ರೂಲ್ಸಿನಲ್ಲಿ ಇದೇ ಮೊದಲ ಕೈ ನಾಲ್ಕು ಕಾಯಿ ಹಂಚಿ ನಿಂತುಬಿಡುತ್ತದೆ. ಇಪ್ಪತ್ತೆಂಟು ಎಲ್ಲಿ, ನಾಲ್ಕು ಎಲ್ಲಿ?

ಇದಕ್ಕಿಂತ ದೊಡ್ಡ ನಷ್ಟ ಎರಡನೇ ಸುತ್ತಿನದು. ಸ್ಪರ್ಧೆಯಲ್ಲಿ ಒಂದೇ ಸುತ್ತು, ಹತ್ತು ನಿಮಿಷ, ಯಾರ ಹತ್ತಿರ ಕಾಯಿ ಹೆಚ್ಚೋ ಅವರು ಗೆದ್ದರು. ಮನೆಯಲ್ಲಿ ಆಡುವಾಗ ಒಂದು ಸುತ್ತು ಮುಗಿದರೆ ಆಟ ಶುರುವಾಯಿತು ಎಂದರ್ಥ. ನಿಮಗೆ ಮೂವತ್ಮೂರು, ನನಗೆ ಇಪ್ಪತ್ಮೂರು ಬಂತು ಎನ್ನಿ. ನಾನು ನನ್ನ ಬದಿಯಲ್ಲಿ ಐದು ಗುಳಿ ತುಂಬಬಹುದು, ಮೂರು ಕಾಯಿ ಕೈಯಲ್ಲಿ ಉಳಿಯಿತು. ಉಳಿದ ಎರಡು ಗುಳಿಗೆ ಕಡ್ಡಿ ಇಟ್ಟು ಮುಚ್ಚಬೇಕು. ಈಗ ನನ್ನದು ಐದು ಗುಳಿಯ ಬಡ ಸಂಸಾರ, ನಿಮ್ಮದು ಏಳು ಗುಳಿ ತುಂಬಿ ಮೇಲೆ ಐದು ಕಾಯಿ ಇರುವ ಸಾಹುಕಾರರ ಮನೆ. ಮತ್ತೆ ಆಟ. ಒಂದು ಬದಿಯವರಿಗೆ ಒಂದು ಗುಳಿ ತುಂಬುವಷ್ಟೂ ಕಾಯಿ ಇಲ್ಲದಾಗಲೇ ಮುಗಿಯುವುದು. ಮುಚ್ಚಿದ ಗುಳಿಯನ್ನು ಬಿಡಿಸಿಕೊಳ್ಳುವುದಕ್ಕೆ ಮೂರು ಸಂಜೆ ಒದ್ದಾಡಿದ್ದು ನಮಗೆ ನೆನಪಿದೆ. ಎರಡೇ ಗುಳಿಗೆ ಬಂದವರು ತಿರುಗಿ ಏಳೂ ತುಂಬಿಸಿದ್ದೂ ನೆನಪಿದೆ.

ಸಾಲ, ಅಡವು, ಬಿಡಿಸಿಕೊಳ್ಳುವುದು. ಗೇಣಿ ಕಟ್ಟಿ ಬದುಕಿದ ಊರಿನ ಹೆಂಗಸರು ಮಳೆಗಾಲದಲ್ಲಿ ಕೂತು ಆಡಿದ ಆಟ ಇದು. ಅದರೊಳಗೆ ಏನಿತ್ತು ಎಂದು ಬಿಡಿಸಿ ಹೇಳಬೇಕೇ ಮರಾಯ್ರೆ? ಸ್ಟಾಪ್‌ವಾಚ್ ಇಟ್ಟು ಅದನ್ನು ಹತ್ತು ನಿಮಿಷಕ್ಕೆ ಕತ್ತರಿಸಿದರೆ ಮುಚ್ಚಿದ ಗುಳಿ ಎಂಬುದೇ ಇರುವುದಿಲ್ಲ.

ಇಂಥ ಸಿಟ್ಟು ನಮ್ಮದು ಮಾತ್ರ ಅಂದುಕೊಂಡಿದ್ದೆವು. ವಿದೇಶದಲ್ಲಿ ಕೆಲಸದಲ್ಲಿರುವ ನಮ್ಮೂರಿನ ಗೆಳೆಯರೊಬ್ಬರು ವಾಟ್ಸಾಪಿನಲ್ಲಿ ಒಂದು ಕತೆ ಹೇಳಿದರು. ಕೇಳಿ ನಗು ಬಂತು, ಆಮೇಲೆ ಅಷ್ಟು ನಗು ಬರಲಿಲ್ಲ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿ ಇದೆ. ಅದು 1983ರಲ್ಲಿ ವಾರ್‌ಹ್ಯಾಮರ್ ಎಂಬ ಮೇಜಿನ ಮೇಲಿನ ಯುದ್ಧದ ಆಟ ತಂದಿತು. ಯಕ್ಷಗಾನದ ರಾಕ್ಷಸರಂಥವರು, ಕುಳ್ಳರು, ಎದ್ದು ಬಂದ ಹೆಣಗಳು, ರಾಜರು, ಎಲ್ಲರದೂ ಬೆರಳುದ್ದದ ಗೊಂಬೆಗಳು. ಆಡುವವರೇ ಗೊಂಬೆ ಕೊಂಡು, ಅಂಟಿಸಿ, ಸಣ್ಣ ಕುಂಚದಲ್ಲಿ ಬಣ್ಣ ಹಚ್ಚಿ ಸೈನ್ಯ ಕಟ್ಟಬೇಕು. ಸಾಲು ಸಾಲಾಗಿ ನಿಲ್ಲಿಸಿ, ಟೇಪಿನಲ್ಲಿ ದೂರ ಅಳೆದು, ದಾಳ ಉರುಳಿಸಿ ಯುದ್ಧ. ಒಂದು ಸೈನ್ಯ ಕಟ್ಟಲು ವರ್ಷಗಟ್ಟಲೆ ಹಿಡಿಯುತ್ತದೆ. ಮೂವತ್ತು ವರ್ಷ ಜನ ಹೀಗೆ ಆಡಿದರು. 2014-15ರಲ್ಲಿ ಕಂಪನಿ ಆ ಕಲ್ಪನೆಯ ಲೋಕಕ್ಕೆ ಕತೆಯಲ್ಲೇ ಪ್ರಳಯ ತಂದು ನಾಶ ಮಾಡಿತು. 2015ರ ಜುಲೈಯಲ್ಲಿ ಏಜ್ ಆಫ್ ಸಿಗ್ಮಾರ್ ಎಂಬ ಹೊಸ ಆಟ ಬಂತು. ದಪ್ಪ ಪುಸ್ತಕದ ಬದಲು ನಾಲ್ಕು ಪುಟದ ರೂಲ್ಸ್. ಎರಡು ಸೈನ್ಯ ಸಮಬಲವೇ ಎಂದು ಅಳೆಯುವ ಪಾಯಿಂಟ್ ಲೆಕ್ಕ ಕಾಣೆ. ಸಾಲು ಹಿಡಿದು ನಿಲ್ಲುವ ಚೌಕ ಪೀಠದ ಬದಲು ದುಂಡು ಪೀಠ. ಒಬ್ಬ ವೀರನ ಗೊಂಬೆಗಂತೂ, ಆಡುವವರ ಮೀಸೆ ಎದುರಾಳಿಯ ಮೀಸೆಗಿಂತ ದೊಡ್ಡದಿದ್ದರೆ ದಾಳ ಮತ್ತೊಮ್ಮೆ ಉರುಳಿಸಬಹುದು ಎಂಬ ತಮಾಷೆಯ ರೂಲ್ಸ್ ಬೇರೆ! ಒಬ್ಬ ಅಭಿಮಾನಿ ಸಿಟ್ಟಿನಲ್ಲಿ ತಾನೇ ಬಣ್ಣ ಹಚ್ಚಿದ ಸೈನ್ಯಕ್ಕೆ ಬೆಂಕಿ ಇಟ್ಟು ವೀಡಿಯೊ ಹಾಕಿದ.

ಗೊಂಬೆಗಾಗಿ ಇಷ್ಟು ಹುಚ್ಚೇ ಎಂದು ನೀವು ಕೇಳಬಹುದು. ಯಕ್ಷಗಾನದಲ್ಲಿ ಭಾಗವತರು ಒಂದು ಪದ್ಯ ಬಿಟ್ಟರೆ ಚೌಕಿಗೆ ಹೋಗಿ ಜಗಳ ಮಾಡುವವರು ನಮ್ಮೂರಲ್ಲಿ ಇಲ್ಲವೇ?

ಅಲ್ಲಿ ಮುಂದೆ ನಡೆದದ್ದು ನಮಗೆ ಮುಖ್ಯ. ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ತಾವೇ ಸೇರಿ ಹಳೆ ಕ್ರಮದ ಮೇಲೆ ನೈನ್ತ್ ಏಜ್ ಎಂಬ ಹೆಸರಿನಲ್ಲಿ ರೂಲ್ಸ್ ಬರೆದು ಆಡುತ್ತ ಹೋದರು. ಕಂಪನಿ 2016ರಲ್ಲಿ ಹೊಸ ಆಟಕ್ಕೆ ಪಾಯಿಂಟ್ ಲೆಕ್ಕ ವಾಪಸ್ ತಂದಿತು. 2019ರ ನವೆಂಬರಿನಲ್ಲಿ ಹಳೆ ಲೋಕವನ್ನು ತಿರುಗಿ ತರುತ್ತೇವೆ ಎಂದು ಹೇಳಿ, 2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಎಂದು ಬಿಡುಗಡೆ ಮಾಡಿತು. ಈಗ ಎರಡೂ ಇವೆ, ಬೇಕಾದವರು ಬೇಕಾದದ್ದು ಆಡುತ್ತಾರೆ.

ಅವರಿಗೆ ತಿರುಗಿ ಬರಲು ದಾರಿ ಇತ್ತು, ಯಾಕೆಂದರೆ ಹಳೆ ರೂಲ್ಸ್ ಪುಸ್ತಕವಾಗಿ ಮನೆಮನೆಯಲ್ಲಿ ಇತ್ತು. ನಮ್ಮ ಚೆನ್ನೆಮಣೆಯ ರೂಲ್ಸ್ ಇರುವುದು ಎಪ್ಪತ್ತು, ಎಂಬತ್ತು ವರ್ಷದವರ ಕೈಬೆರಳಲ್ಲಿ. ಅವರು "ನಂಗೆ ಈ ಆಟ ಬತ್ತಿಲ್ಲೆ" ಎಂದು ಎದ್ದು ಹೋದರೆ ಒಂಬತ್ತು ವರ್ಷದ ಮೇಲೆ ಯಾವ ಕಂಪನಿಯೂ ತಂದು ಕೊಡುವುದಿಲ್ಲ.

ಆಟ ಬದಲಾಗಲೇಬಾರದು ಎನ್ನುವವರು ನಾವಲ್ಲ. ಚದುರಂಗವನ್ನೇ ನೋಡಿ. ಇಲ್ಲಿಂದ ಪರ್ಷಿಯಾ, ಅರಬರ ನಾಡು ದಾಟಿ ಯುರೋಪಿಗೆ ಹೋದ ಆಟದಲ್ಲಿ ಮಂತ್ರಿ ಒಂದೊಂದೇ ಮನೆ ಓರೆಯಾಗಿ ನಡೆಯುವ ಮುದುಕನಾಗಿದ್ದ. ಹದಿನೈದನೇ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನವರು ಅವನನ್ನು ರಾಣಿ ಮಾಡಿ, ಮಣೆಯ ಈ ತುದಿಯಿಂದ ಆ ತುದಿಗೆ ಹಾರಿಸಿದರು. ಅದು ದೊಡ್ಡ ರೀಬೂಟ್, ಆಟ ಇನ್ನೂ ಚೆಂದವಾಯಿತು. ನಮ್ಮ ಹಳ್ಳಿಗಳಲ್ಲಿ ಬೇರೆ ಕ್ರಮ ಉಳಿದಿತ್ತು: ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ, ರಾಜನಿಗೆ ಒಮ್ಮೆ ಕುದುರೆಯ ಹಾಗೆ ಹಾರುವ ಅವಕಾಶ. ಅಂಥ ದೇಶಿ ಕ್ರಮದಲ್ಲಿ ಕಲಿತ ಪಂಜಾಬಿನ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಕ್ರಮಕ್ಕೆ ಒಗ್ಗಿಕೊಂಡು, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ದೇಶಿ ಕ್ರಮದಿಂದ ಬಂದವರಿಗೆ ತಲೆ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಆ ದೇಶಿ ಕ್ರಮ ಗೊತ್ತಿರುವವರನ್ನು ಇವತ್ತು ಕುಂದಾಪುರ ಸಂತೆಯಲ್ಲಿ ಹುಡುಕಿ ನೋಡುವಾ, ಎಷ್ಟು ಜನ ಸಿಗುತ್ತಾರೆ?

ಬಾಬಿ ಫಿಶರ್ 1996ರಲ್ಲಿ ಹಿಂದಿನ ಸಾಲಿನ ಕಾಯಿಗಳನ್ನು ಚೀಟಿ ಎತ್ತಿದಂತೆ ಅದಲು ಬದಲು ಇಟ್ಟು ಆಡುವ ಚದುರಂಗ ತಂದಾಗ ಅದಕ್ಕೆ ಬೇರೆ ಹೆಸರು ಇಟ್ಟ. ನಿಮ್ಮ ಹಳೆ ಚದುರಂಗ ತಪ್ಪು ಎಂದು ಪೀಪಿ ಊದಲಿಲ್ಲ. ನಾವು ಕೇಳುವುದೂ ಅಷ್ಟೇ ಸೌಜನ್ಯ.

ಯಕ್ಷಗಾನಕ್ಕೆ ಕಾಲಮಿತಿ ಬಂದಾಗಲೂ ನಮ್ಮಲ್ಲಿ ದೊಡ್ಡ ಗಲಾಟೆ ಆಯಿತು. ಬೆಳಗಿನವರೆಗೆ ಆಟ ನೋಡುತ್ತಿದ್ದವರು ನಡುರಾತ್ರಿಗೆ ಎದ್ದು ಮನೆಗೆ ಹೋಗುವುದೇ ಎಂದು ಸಿಟ್ಟಾದವರು ನಮ್ಮ ಮನೆಯಲ್ಲೇ ಇದ್ದಾರೆ. ಆದರೆ ಅಲ್ಲಿ ಕಲಾವಿದರು, ಮೇಳದ ಯಜಮಾನರು, ಹರಕೆ ಆಟ ಆಡಿಸುವವರು, ಪ್ರೇಕ್ಷಕರು, ಎಲ್ಲರೂ ಬಾಯಿ ಬಿಟ್ಟು ಮಾತಾಡಿದರು, ಪೇಪರಿನಲ್ಲಿ ಬರೆದರು. ಚೆನ್ನೆಮಣೆ ಹೆಂಗಸರ ಆಟ, ಜಗಲಿಯ ಆಟ. ಅದನ್ನು ಬದಲಿಸುವಾಗ ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ನಮಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿ.

ಕತೆಯ ವಿಚಾರಕ್ಕೆ ಬನ್ನಿ. ಸೀತಾನದಿ ದಾಟಿ ತೆಂಕಕ್ಕೆ ತುಳುನಾಡಿಗೆ ಹೋದರೆ ಚೆನ್ನೆಗೆ ಒಂದು ದೊಡ್ಡ ಕತೆ ಇದೆ. ಸಿರಿಯ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ. ಇಬ್ಬರೂ ಚೆನ್ನೆ ಆಡಲು ಕೂರುತ್ತಾರೆ. ಆಟದಲ್ಲಿ ಜಗಳ ಹುಟ್ಟಿ ಒಬ್ಬಳು ಮಣೆಯಲ್ಲೇ ಇನ್ನೊಬ್ಬಳಿಗೆ ಹೊಡೆಯುತ್ತಾಳೆ. ತಂಗಿ ಅಕ್ಕ ಎಂಬುದು ಮುಗಿದೇ ಹೋಗುತ್ತದೆ, ಇಬ್ಬರ ಅಂತ್ಯವೂ ಬಾವಿಯಲ್ಲಿ. ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ಮಾತು ಅಲ್ಲಿಂದ ಬಂದದ್ದು. ಹಿರಿಯಡ್ಕ, ನಂದಳಿಕೆ, ಕವತ್ತಾರಿನ ಸಿರಿ ಜಾತ್ರೆಗೆ ಹೋದವರಿಗೆ ಆ ಹೆಸರುಗಳ ಭಾರ ಗೊತ್ತು. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ ತಂಡ 1990ರಲ್ಲಿ ಧ್ವನಿಮುದ್ರಿಸಿ 1998ರಲ್ಲಿ ಪುಸ್ತಕ ಮಾಡಿತು. 15,683 ಸಾಲು. ಅಮೆರಿಕದ ಪೀಟರ್ ಕ್ಲಾಸ್ ಚೆನ್ನೆ ಆಟ ಮತ್ತು ಈ ಕತೆಯ ನಂಟಿನ ಬಗ್ಗೆಯೇ ಲೇಖನ ಬರೆದಿದ್ದಾರೆ. ದೂರದವರು ಬಂದು ಇಷ್ಟು ಕಷ್ಟಪಟ್ಟರು. ನಾವು ಒಂದು ಜೆರಾಕ್ಸ್ ಹಾಳೆಗೆ ಮುಂಚೆ ಪಕ್ಕದ ಮನೆ ಅಮ್ಮಮ್ಮನನ್ನು ಕೇಳಲಿಲ್ಲ.

ನಮ್ಮ ಕುಂಭಾಶಿಯವರಿಗೆ ಕತೆಯ ಬೆಲೆ ಹೊಸದಾಗಿ ಹೇಳಬೇಕಿಲ್ಲ. ಊರಿನ ಹೆಸರಲ್ಲೇ ಕುಂಭಾಸುರ ಇದ್ದಾನೆ. ಗಣಪತಿ ಕೊಟ್ಟ ಖಡ್ಗದಿಂದ ಭೀಮ ಅವನನ್ನು ಕೊಂದ ಕತೆ ಆನೆಗುಡ್ಡೆಗೆ ಬರುವ ಭಕ್ತರಿಗೆಲ್ಲ ಗೊತ್ತು. ಆ ಕತೆ ತೆಗೆದು, "ಇಲ್ಲಿ ಮೆಟ್ಟಿಲು ಹತ್ತಿದರೆ ಹೃದಯಕ್ಕೆ ಒಳ್ಳೆಯದು" ಎಂದು ಬೋರ್ಡ್ ಹಾಕಿದರೆ ಹೇಗಿರುತ್ತದೆ? ಚೆನ್ನೆಮಣೆಗೆ ಈಗ ಆಗಿರುವುದು ಅದೇ. ಮೇಳದ ಸ್ಟಾಲಿನಲ್ಲಿ ಒತ್ತಿದ ಹಲಗೆಯ ಮಣೆ ಮಾರುತ್ತಾರೆ, ಪೆಟ್ಟಿಗೆ ಮೇಲೆ "ಮಕ್ಕಳ ಗಣಿತ ಶಕ್ತಿ, ಏಕಾಗ್ರತೆ ಹೆಚ್ಚಿಸುತ್ತದೆ" ಎಂದು ಬರೆದಿರುತ್ತದೆ. ಕಷಾಯದ ಬಾಟಲಿಯ ಹಾಗೆ. ಆಟ ಆಡುವುದಕ್ಕೆ ಆಡಬೇಕು ಅನ್ನಿಸುವುದು ಒಂದು ಕಾರಣ ಸಾಕಾಗುವುದಿಲ್ಲವೋ ಏನೋ. ಆ ಮಣೆಗಳಲ್ಲಿ ಆರೇ ಗುಳಿ ಇರುವುದನ್ನೂ ನೋಡಿದ್ದೇವೆ. ಮುಚ್ಚಳದ ಮೇಲೆ ಚೆನ್ನೆಮಣೆ ಎಂದು ದೊಡ್ಡ ಅಕ್ಷರ, ಒಳಗೆ ಕಲಾಹ್.

ಆ ಕಲಾಹ್ ಆಟವನ್ನು ಗುಳಿಗೆ ನಾಲ್ಕು ಕಾಯಿಯಂತೆ ಆರು ಗುಳಿಯ ಮಣೆಯಲ್ಲಿ ಆಡಿದರೆ, ತಪ್ಪಿಲ್ಲದೆ ಆಡಿದ ಮೊದಲಿಗರೇ ಗೆಲ್ಲುತ್ತಾರೆ ಎಂದು 2000ದಲ್ಲೇ ಕಂಪ್ಯೂಟರ್ ಲೆಕ್ಕದಿಂದ ತೋರಿಸಿಯಾಗಿದೆ. ಸ್ಪರ್ಧೆ ಇಡುವವರು ಕನಿಷ್ಠ ಟಾಸ್ ಆದರೂ ಸರಿಯಾಗಿ ಹಾಕಲಿ!

ಇನ್ನೊಂದು ಬದಿಯ ಮಾತನ್ನೂ ಕೇಳಬೇಕು. ಸಂಘಟಕರಲ್ಲಿ ಒಬ್ಬರು ನಮಗೆ ಹೇಳಿದರು, "ನಾವ್ ಇಷ್ಟಾರೂ ಮಾಡ್ದಿರೆ ನಿಮ್ ಚೆನ್ನೆಮಣಿ ಅಟ್ಟದ್ ಮೇಲೆ ಗೆದ್ದಲ್ ಹಿಡ್ಕಂಡ್ ಹೋತಿತ್." ಸುಳ್ಳಲ್ಲ. 2019ರಿಂದ ಆಸಾಡಿ ಅಮಾಸಿಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ಎಂದು ಆಚರಿಸುತ್ತಿರುವುದರಿಂದ ನಮ್ಮ ಭಾಷೆ, ಊಟ, ಆಟದ ಬಗ್ಗೆ ಮಾತಾಡಲು ಒಂದು ದಿನ ಸಿಕ್ಕಿದೆ. ಬೆಂಗಳೂರಿನಲ್ಲಿ ಹುಟ್ಟಿದ ಮಕ್ಕಳು ಚೆನ್ನೆಮಣೆ ಎಂಬ ಹೆಸರು ಕೇಳಿದ್ದೇ ಇಂಥ ಕಾರ್ಯಕ್ರಮಗಳಿಂದ. ನೂರು ಮಕ್ಕಳನ್ನು ಒಂದು ದಿನದಲ್ಲಿ ಆಡಿಸಬೇಕಾದರೆ ಮೂರು ಸಂಜೆ ಹಿಡಿಯುವ ಆಟ ಇಡಲಾಗುವುದಿಲ್ಲ ಎಂಬುದೂ ಸರಿ.

ಹಳೆಯದೆಲ್ಲ ಚಿನ್ನ ಎಂದು ನಾವು ಹಾಡುವುದೂ ಇಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಸಾಡಿ ಈಗ ಮೂವತ್ತು ಬಗೆಯ ಊಟದ ತಿಂಗಳು. ಆಗ ಅದು ಕಣಜ ಖಾಲಿಯಾಗುವ ತಿಂಗಳು. ಚಗಟೆ ಸೊಪ್ಪು, ಕೆಸುವಿನ ಎಲೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ತಿಂದದ್ದು ರುಚಿಗಲ್ಲ, ಅಕ್ಕಿ ಇರಲಿಲ್ಲ ಎಂದು. ನಟ್ಟಿ ಮುಗಿದು ಕೆಲಸವಿಲ್ಲದೆ, ಹೊರಗೆ ಹೋಗಲು ಮಳೆ ಬಿಡದೆ, ಹೆಂಗಸರು ಮಣೆ ಇಳಿಸಿದರು. ಜಗಲಿಯೇ ಇಲ್ಲದ ಮನೆಗಳಲ್ಲಿ ಮಣೆಯೂ ಇರಲಿಲ್ಲ. ಅಲ್ಲಿಯ ಮಕ್ಕಳು ನೆಲದಲ್ಲಿ ಗುಳಿ ತೋಡಿ ಕಲ್ಲಿನಲ್ಲಿ ಆಡಿದರು. ಆಸಾಡಿ ಕಳೆದ ಮೇಲೆ ಮಣೆಯನ್ನು ಅಟ್ಟಕ್ಕೇರಿಸುವ ಪದ್ಧತಿಗೆ ಅಮ್ಮಮ್ಮ ಹೇಳುತ್ತಿದ್ದ ಕಾರಣ ಅಪಶಕುನ. ನಮಗೆ ಅನ್ನಿಸುವ ಕಾರಣ, ಸೋಣೆ ಬಂದರೆ ಗದ್ದೆಯಲ್ಲಿ ಕಳೆ ಕೀಳಲು ಜನ ಬೇಕು.

ಹಾಗಾಗಿ ಹತ್ತು ನಿಮಿಷದ ಆಟ ಬೇಕಾದರೆ ಇಡಿ. ಅದಕ್ಕೊಂದು ಬೇರೆ ಹೆಸರು ಕೊಡಿ, "ಸಣ್ಣ ಚೆನ್ನೆ" ಎಂದೋ "ಸ್ಪರ್ಧೆ ಚೆನ್ನೆ" ಎಂದೋ. ಏಳು ಗುಳಿ ಇರಲಿ, ಕೈ ಖಾಲಿಯಾದರೆ ಮುಂದಿನದು ಎತ್ತುವುದು ಇರಲಿ. ಇದೊಂದನ್ನು ಉಳಿಸಿಕೊಂಡರೂ ಆಟ ನಮ್ಮದೇ. ಸೆಮಿಫೈನಲಿಗೆ ಬಂದ ನಾಲ್ಕು ಜನರನ್ನಾದರೂ ಮೂರು ಸುತ್ತು ಆಡಿಸಿ, ಗುಳಿ ಮುಚ್ಚುವುದು ಏನು ಎಂದು ಮಕ್ಕಳಿಗೆ ಕಾಣಲಿ. ಸಭಾಭವನದ ಒಂದು ಮೂಲೆಯಲ್ಲಿ ಚಾಪೆ ಹಾಕಿ, ಗಡಿಯಾರ ಇಲ್ಲದ ನಾಲ್ಕು ಮಣೆ ಇಡಿ. ಅಲ್ಲಿ ಪೀಪಿ ಬೇಡ, ಬ್ಯಾಜ್ ಬೇಡ. ಹಿರಿಯರು ಕೂರಲಿ, ಮಕ್ಕಳು ಅವರ ಎದುರು ಕೂತು ಸೋಲಲಿ.

ರೂಲ್ಸ್ ಹಾಳೆ ಮಾಡುವುದಾದರೆ ಮೇಲೆ "ಇಂಥ ಊರಿನ ಕ್ರಮ" ಎಂದು ಬರೆಯಿರಿ. ಯಾಕೆಂದರೆ ನಮ್ಮಲ್ಲೇ ಕ್ರಮ ಒಂದಲ್ಲ. ಗುಳಿಯಲ್ಲಿ ನಾಲ್ಕು ಕಾಯಿ ತುಂಬಿದ ಕೂಡಲೇ ಆ ಬದಿಯವರು ಎತ್ತಿಕೊಳ್ಳುವ ಮನೆಗಳಿವೆ, ಎತ್ತದೆ ಬಿಡುವ ಮನೆಗಳಿವೆ. ತಮಿಳರ ಪಲ್ಲಾಂಗುಳಿಯಲ್ಲೂ ಹೀಗೆ ತುಂಬಿದ್ದನ್ನು ಎತ್ತುವುದುಂಟು, ಅದಕ್ಕೆ ಅವರು ಪಸು ಎನ್ನುತ್ತಾರೆ, ಅಂದರೆ ಹಸು. ಖಾಲಿ ಗುಳಿ ಒರೆಸಿದಾಗ ಆಚೆಯ ಗುಳಿಯ ಜತೆ ಅದರ ಎದುರಿನದನ್ನೂ ತೆಗೆಯುವವರಿದ್ದಾರೆ. ಇವುಗಳಲ್ಲಿ ಯಾವುದು ಸರಿ ಎಂದು ಸಮಿತಿ ಮಾಡಿ ತೀರ್ಮಾನಿಸಲು ಹೊರಟರೆ ಇನ್ನೊಂದು ಬಗೆಯ ಅನಾಹುತ. ಆಗ ಪೀಪಿ ಊದುವವರು ಅಮೆರಿಕದ ರೂಲ್ಸಿನ ಬದಲು ಪಕ್ಕದೂರಿನ ರೂಲ್ಸ್ ಹಿಡಿದು ಊದುತ್ತಾರೆ, ಅಷ್ಟೆ ವ್ಯತ್ಯಾಸ.

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾ ಕೌಶಲ್ಯ ಎಂಬ ಹೆಸರಿನಲ್ಲಿ ಹಳೆ ಮಣೆಯಾಟಗಳ ಪ್ರದರ್ಶನ ನಡೆಸಿಕೊಂಡು ಬಂದಿದೆ. ಮೈಸೂರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಸರೆ ಇತ್ತು, ರಾಜರೇ ಕೂತು ಚದುರಂಗದ ಲೆಕ್ಕ ಬಿಡಿಸಿದರು, ಹೊಸ ಆಟ ಕಟ್ಟಿದರು, ಬರೆಸಿಟ್ಟರು. ಚೆನ್ನೆಮಣೆಗೆ ಅಂಥ ರಾಜರು ಸಿಗಲಿಲ್ಲ. ಬರೆದಿಡುವ ಕೆಲಸ ಫೋನ್ ಕೈಯಲ್ಲಿರುವ ನಮ್ಮದು, ನಿಮ್ಮದು.

ಈ ಆಸಾಡಿಗೆ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಆಡಲು ಗೊತ್ತಿರುವ ಹಿರಿಯರು ಇದ್ದರೆ ಮಣೆ ಇಳಿಸಿ ಕೊಡಿ. ಫೋನನ್ನು ಮೇಲಿನಿಂದ ಹಿಡಿದು, ಮೊದಲ ಕೈಯಿಂದ ಕೊನೆಯ ಗುಳಿ ಮುಚ್ಚುವವರೆಗೆ ವೀಡಿಯೊ ತೆಗೆಯಿರಿ. ಮುಖ ಬೇಡ, ಕೈ ಮತ್ತು ಮಣೆ ಸಾಕು, ಕ್ಯಾಮೆರಾ ಎಂದರೆ ಅವರಲ್ಲಿ ಹಲವರಿಗೆ ನಾಚಿಕೆ. ಎಡಕ್ಕೆ ಬಿತ್ತುತ್ತಾರೋ ಬಲಕ್ಕೋ, ನಾಲ್ಕು ತುಂಬಿದರೆ ಏನು ಮಾಡುತ್ತಾರೆ, ಆ ನಡೆಗೆ ಅವರ ಬಾಯಲ್ಲಿ ಏನು ಹೆಸರು, ಇಷ್ಟನ್ನು ಆಡುವಾಗಲೇ ಕೇಳಿ. ಯಾವ ಊರು, ಕಲಿಸಿದವರು ತಾಯಿಯ ಕಡೆಯವರೋ ಗಂಡನ ಮನೆಯವರೋ ಎಂದೂ ಕೇಳಿ. ಮದುವೆಯಾಗಿ ಹೋದವರ ಜತೆ ಆಟವೂ ಊರಿಂದ ಊರಿಗೆ ಹೋಗಿದೆ. ವೀಡಿಯೊ ನಮಗೆ ಕಳಿಸಿ, ಊರಿನ ಹೆಸರು ಹಾಕಿ ಒಂದೊಂದಾಗಿ ಇಲ್ಲೇ ಹಾಕುತ್ತೇವೆ. ಮಧ್ಯೆ ಮಳೆ ಸದ್ದು ಬಂದರೆ, ಯಾರಾದರೂ ಮೋಸ ಮಾಡಿದ್ದಕ್ಕೆ ಬೈಗುಳ ಬಂದರೆ, ಕತ್ತರಿಸಬೇಡಿ.